ಬೇಸಿಗೆಯ ಚರಗ

ಎರಡು ವರ್ಷ ಒಬ್ಬ ಮನುಷ್ಯನ ಮೇಲಿನ ಸಿಟ್ಟನ್ನು ಹೊತ್ತುಕೊಂಡು ತಿರುಗಿದೆ. ತಪ್ಪು ಅವನದಲ್ಲ, ನಮ್ಮ ಆಫೀಸಿನ ಮೂಲೆಯಲ್ಲಿದ್ದ ಕಬ್ಬಿಣದ ಪೆಟ್ಟಿಗೆಯದು ಎಂದು ಗೊತ್ತಾದದ್ದು ಈ ಬೇಸಿಗೆಯಲ್ಲಿ. ನಾಚಿಕೆಯ ಸಂಗತಿಯೆಂದರೆ, ಆ ಪೆಟ್ಟಿಗೆಯನ್ನು ದಿನಾ ಬೆಳಿಗ್ಗೆ ಒರೆಸಿ ಊದಿನಕಡ್ಡಿ ಬೆಳಗುತ್ತಿದ್ದವನು ನಾನೇ.

ನಮ್ಮದು ಅಣ್ಣಿಗೇರಿಯಲ್ಲಿ ಬೀಜ ಮಾರುವ ರೈತರ ಸಂಘ. ಮೊರಬದಲ್ಲೊಂದು, ಅಳ್ನಾವರದಲ್ಲೊಂದು ಶಾಖೆ. ನಮ್ಮ ನಮ್ಮೊಳಗಿನ ಸುತ್ತೋಲೆ, ಸಂದೇಶ, ಹರಟೆ ಎಲ್ಲಕ್ಕೂ ಕಂಪ್ಯೂಟರಿನಲ್ಲಿ ಒಂದು ವ್ಯವಸ್ಥೆ ಇತ್ತು. ಅದಕ್ಕೆ ಹೈಬ್ರಿಡ್ ಎನ್ನುತ್ತಿದ್ದರು. ಹೈಬ್ರಿಡ್ ಎಂದರೆ ಬೀಜ ಮಾರುವವರಿಗೆ ಬಹಳ ಗೌರವ. ಎರಡು ತಳಿಯ ಒಳ್ಳೆಯ ಗುಣ ಒಂದರಲ್ಲಿ ಬರಬೇಕು. ಇದರಲ್ಲಿ ಎರಡರ ಅವಗುಣಗಳೂ ಬಂದಿದ್ದವು. ಮುಖ್ಯ ಕಚೇರಿಯವರಾದ ನಾವು ಆ ಪೆಟ್ಟಿಗೆಯೊಳಗೆ, ಅಂದರೆ ನಮ್ಮದೇ ಸರ್ವರಿನಲ್ಲಿ, ಶಾಖೆಯವರು ಇಂಟರ್ನೆಟ್ಟಿನ ಕ್ಲೌಡಿನಲ್ಲಿ. ನಮ್ಮ ಸಂದೇಶ ಪೆಟ್ಟಿಗೆ ಬಿಟ್ಟು ಹೊರಟು ಕ್ಲೌಡ್ ಹತ್ತಿದರೆ ಶಾಖೆಯವರಿಗೆ ಮುಟ್ಟುತ್ತಿತ್ತು. ಹೆಚ್ಚಿನವು ಹತ್ತುತ್ತಿದ್ದವು. ಕ್ಲೌಡ್ ಎಂದರೆ ಮೋಡ ಎಂದು ತಿಳಿದ ದಿನದಿಂದ ನಮ್ಮ ಆಫೀಸಿನವರು ಮಾಡಬಹುದಾದ ಚೇಷ್ಟೆಯನ್ನೆಲ್ಲ ಮಾಡಿ ಮುಗಿಸಿದ್ದಾರೆ, ನಿಮಗೆ ಮತ್ತೆ ಬಡಿಸುವುದಿಲ್ಲ.

ಪೆಟ್ಟಿಗೆ ಇಟ್ಟ ಕೋಣೆಯ ಕೀಲಿ ನನ್ನ ಉಡದಾರದಲ್ಲಿರುತ್ತಿತ್ತು. ಹೆಸರಿಗೆ ನಾನು ಹಿರಿಯ ಗುಮಾಸ್ತ. ಆ ಕೀಲಿಯಿಂದಾಗಿ ಯಂತ್ರ ಬಲ್ಲವನೆಂಬ ಖ್ಯಾತಿಯೂ ಬಂದಿತ್ತು. ದೀಪ ಮಿಣುಕದಿದ್ದರೆ ಬಂದ್ ಮಾಡಿ ಚಾಲೂ ಮಾಡುವುದು, ಇದಿಷ್ಟೇ ನನ್ನ ವಿದ್ಯೆ. ಪೆಟ್ಟಿಗೆ ತೆಗೆದು ಎಲ್ಲವನ್ನೂ ಕ್ಲೌಡಿಗೇ ಒಯ್ಯೋಣವೆಂದು ಸಂಘದ ಅಧ್ಯಕ್ಷರು ಹೇಳಿದಾಗ ನಾನು ಎದ್ದು ನಿಂತು ಭದ್ರತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ನನಗಿದ್ದದ್ದು ಕೀಲಿಯ ಚಿಂತೆ. ಅಧ್ಯಕ್ಷರು ಸಮಾಧಾನದಿಂದ ಕೇಳಿ, ಮುಂದಿನ ಶನಿವಾರವೇ ಮುಹೂರ್ತ ಇಟ್ಟರು.

ಇನ್ನು ಆ ಮನುಷ್ಯನ ವಿಷಯ. ಖಾದರ ಮತ್ತು ನಾನು ಹದಿನೆಂಟು ವರ್ಷ ಒಂದೇ ಟೇಬಲ್ಲಿನ ಆಚೆ ಈಚೆ ಕೂತವರು. ಪ್ರತಿ ಎಳ್ಳಮಾವಾಸ್ಯೆಗೆ ಅವನೂ ಅವನ ಹೆಂಡತಿ ಬೀಬಿಜಾನರೂ ನಮ್ಮ ಹೊಲಕ್ಕೆ ಬರುತ್ತಿದ್ದರು. ಅಂದು ನಿಂತ ಜೋಳ, ಕಡಲೆಯ ನಡುವೆ ಮನೆಯಿಂದ ತಂದ ಅಡಿಗೆಯನ್ನು ಮೊದಲು ಭೂಮಿಗೆ ಚೆಲ್ಲಿ, ಆಮೇಲೆ ಎಲ್ಲರೂ ಕೂತು ಉಣ್ಣುವುದು ನಮ್ಮ ಕಡೆಯ ರೂಢಿ. ಅದೇ ಚರಗ. ಬೀಬಿಜಾನರು ಗೋಧಿ, ಬೆಲ್ಲ ಹಾಕಿ ಮಾಡುವ ಮಾದಲಿ ಇಲ್ಲದೆ ನಮ್ಮ ಚರಗ ಮುಗಿಯುತ್ತಿರಲಿಲ್ಲ. ಹೀಗಿರುವಾಗ ಖಾದರನಿಗೆ ಅಳ್ನಾವರಕ್ಕೆ ವರ್ಗವಾಯಿತು. ಅಲ್ಲಿಯವರೆಗೆ ಟೇಬಲ್ಲಿನ ಆಚೆಗೆ ಕೂಗಿ ಕರೆಯುತ್ತಿದ್ದ ನಾನು ಆ ವರ್ಷ ಆಧುನಿಕನಾಗಿ, ಅಮಾವಾಸ್ಯೆಯ ಹಿಂದಿನ ದಿನ ಆಫೀಸಿನ ವ್ಯವಸ್ಥೆಯಲ್ಲೇ ಸಂದೇಶ ಹಾಕಿದೆ. ಖಾದರ ಬರಲಿಲ್ಲ.

ನಮ್ಮ ಕಡೆ ಊಟಕ್ಕೆ ಕರೆಯುವುದಕ್ಕೆ ಒಂದು ಶಾಸ್ತ್ರವಿದೆ. ಮೊದಲು ಹೇಳಿಬರಬೇಕು. ಅಡಿಗೆಯಾದ ಮೇಲೆ ಮತ್ತೆ ಹೋಗಿ ಏಳಿ ಎನ್ನಬೇಕು. ಇದಕ್ಕಿಂತ ಕಟ್ಟುನಿಟ್ಟಾದದ್ದು ಕರೆಯದಿದ್ದಾಗಿನ ಶಾಸ್ತ್ರ. ಕರೆಯದವನನ್ನು ಯಾಕೆ ಕರೆಯಲಿಲ್ಲ ಎಂದು ಕೇಳುವ ಹಾಗಿಲ್ಲ, ಬಾರದವನನ್ನು ಯಾಕೆ ಬರಲಿಲ್ಲ ಎಂದು ಕೇಳುವ ಹಾಗಿಲ್ಲ. ಕೇಳಿದವನು ಸಣ್ಣವನಾಗುತ್ತಾನೆ. ನಾವಿಬ್ಬರೂ ದೊಡ್ಡವರಾಗಿಯೇ ಉಳಿದೆವು. ಮುಂದಿನ ಎರಡು ಸಲವೂ ನಾನು ಕರೆಯಲಿಲ್ಲ. ಮೀಟಿಂಗಿಗೆ ಬಂದಾಗ ಅವನು "ಆರಾಮ ಇದ್ದೀರ್ರಿ?" ಎನ್ನುವನು, ನಾನು "ಹೌದ್ರಿ" ಎನ್ನುವೆ. ಹದಿನೆಂಟು ವರ್ಷ 'ಲೇ' ಎಂದು ಮಾತಾಡಿದವನಿಂದ ಆ ಮರ್ಯಾದೆ ಕೇಳಿಸಿಕೊಂಡಾಗ ಮನೆಗೆ ಬಂದು ಹೆಂಡತಿಯ ಮೇಲೆ ರೇಗುತ್ತಿದ್ದೆ. ಖಾದರ ಇಲ್ಲದೆ ನನಗೆ ಬೇಸರವಾಗಿತ್ತು. ಅದನ್ನು ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

ಶನಿವಾರ ಹುಬ್ಬಳ್ಳಿಯಿಂದ ಇಂಜಿನಿಯರ್ ಹೆಣ್ಣುಮಗಳೊಬ್ಬಳು ಬಂದು ಪೆಟ್ಟಿಗೆಯ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ, ಪೆಟ್ಟಿಗೆಯಿಂದ ಹೊರಗೆ ಹೋಗಲಾರದೆ ನಿಂತ ಹಳೆಯ ಸಂದೇಶಗಳು ಬಹಳ ಇವೆ, ಎಲ್ಲ ಕಳಿಸಿಬಿಡಲೇ ಎಂದು ಕೇಳಿದಳು. ಯಂತ್ರ ಬಲ್ಲವನ ಗತ್ತಿನಲ್ಲಿ ನಾನು, ಕಳಿಸಮ್ಮಾ ಎಂದೆ. ಕಾಲು ತಾಸಿನಲ್ಲಿ ಮೊರಬದಿಂದ ಫೋನು. ಸಂಜೆ ಮೀಟಿಂಗಿಗೆ ಹನ್ನೆರಡು ಪ್ಲೇಟ್ ಮಿರ್ಚಿ ಭಜಿ ಹೇಳಿಡಬೇಕೆಂದು ಸಂದೇಶ ಬಂದಿದೆ, ಹೇಳಿದ್ದೇವೆ, ಮೀಟಿಂಗ್ ಯಾವುದು ಎಂದು. ಅಳ್ನಾವರದಲ್ಲಿ, ಇಂದು ಅರ್ಧ ದಿನ ರಜೆ ಎಂಬ ಹಳೆಯ ಸುತ್ತೋಲೆ ಓದಿ ಸಂತೋಷದಿಂದ ಬಾಗಿಲು ಹಾಕಿಕೊಂಡು ಹೋಗಿದ್ದರು. ನಿವೃತ್ತರಾದ ಮ್ಯಾನೇಜರು ಎಲ್ಲರಿಗೂ ತಡವಾಗಿ ಬಂದದ್ದಕ್ಕೆ ಕಾರಣ ಕೇಳಿದ್ದರು. ನಾವು ನಕ್ಕು ನಕ್ಕು ಸುಸ್ತಾದೆವು. ಆ ರಾಶಿಯಲ್ಲಿ ನನ್ನದೂ ಒಂದಿರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ರವಿವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಾಜು ಹೊಲದ ಶಿವಪ್ಪ ಕಾಕಾ ಫೋನು ಮಾಡಿ, ನಿಮ್ಮ ಬೇವಿನ ಗಿಡದ ಕೆಳಗೆ ಗಂಡ ಹೆಂಡತಿ ಯಾರೋ ಬುತ್ತಿ ಇಟ್ಟುಕೊಂಡು ಕೂತಿದ್ದಾರೆ ಎಂದರು. ಬೈಕು ಹತ್ತಿ ಹೋದೆ. ಸುಗ್ಗಿ ಮುಗಿದು, ಕುಂಟೆ ಹೊಡೆದ ಹೊಲ ಕರ್ರಗೆ ಬರಿದಾಗಿ ಬಿದ್ದಿತ್ತು. ಗಿಡದ ನೆರಳಿನಲ್ಲಿ ಖಾದರ, ಪಕ್ಕದಲ್ಲಿ ಬೀಬಿಜಾನ.

ಅವನು ಮೊಬೈಲ್ ನನ್ನ ಮುಂದೆ ಹಿಡಿದ. ನಾನೇ ಹಾಕಿದ್ದ ಸಂದೇಶ: "ನಾಳೆ ಚರಗ. ಹೊಲಕ್ಕ ಬಾ. ಬೀಬಿಜಾನಗೂ ಕರಕೊಂಡು ಬಾ."

"ಇದು ಎರಡ ವರ್ಷದ ಹಿಂದಿನದಪಾ," ಎಂದೆ.

"ಅಷ್ಟೂ ತಿಳಿಯಂಗಿಲ್ಲೇನ್ಲೇ ಬಸ್ಯಾ? ಈ ಬಿಸಲಾಗ ಯಾರ ಚರಗ ಚೆಲ್ಲತಾರ?" ಎಂದ. ಆಮೇಲೆ ಮೆಲ್ಲಗೆ ಹೇಳಿದ: "ಕರದಿದ್ದಿ ಅಂತ ನಿನ್ನೆ ಗೊತ್ತಾತು. ಅದಕ್ಕ ಬಂದ್ವಿ."

ಆ ವರ್ಷ ಬೀಬಿಜಾನರು ಮಾದಲಿ ಮಾಡಿ ಡಬ್ಬಿಗೆ ತುಂಬಿ ಕರೆಗಾಗಿ ಕಾದಿದ್ದರಂತೆ. ಇಲ್ಲಿ ನನ್ನ ಹೆಂಡತಿ ಎರಡು ತಾಟು ಹೆಚ್ಚಿಗೆ ತಂದು, ಹಾಗೇ ತಿರುಗಿ ಒಯ್ದಿದ್ದಳು. ಮನೆಗೆ ಫೋನು ಮಾಡಿದೆ. ಅವಳು ಕಾರಣ ಕೇಳದೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡು ಅದೇ ಎರಡು ತಾಟಿನ ಸಮೇತ ಬಂದಳು. ಉಣ್ಣಲು ಕೂಡುವ ಮೊದಲು ಖಾದರ ಒಂದು ಹಿಡಿ ಮಾದಲಿ ತೆಗೆದುಕೊಂಡು ಎದ್ದ. ಬೆಳೆಯೇ ಇಲ್ಲ, ಯಾರಿಗೆ ಚೆಲ್ಲುತ್ತೀ ಎಂದೆ.

"ಖಾಲಿ ಹೊಲಕ್ಕ ಹಸಿವಿ ಇರೂದಿಲ್ಲೇನು?" ಎಂದು ಬರಿಯ ಕರಿಮಣ್ಣಿಗೆ ಚೆಲ್ಲಿದ. ಎಲ್ಲಿದ್ದವೋ ಗುಬ್ಬಿಗಳು, ಇಳಿದವು. ನನ್ನ ಜೀವಮಾನದಲ್ಲಿ ಅಷ್ಟು ರುಚಿಯಾದ ಊಟ ಮಾಡಿಲ್ಲ.

ಸೋಮವಾರ ಪೆಟ್ಟಿಗೆ ಹೋಯಿತು. ಈಗ ಎಲ್ಲರೂ ಒಂದೇ ಕ್ಲೌಡಿನಲ್ಲಿದ್ದೇವೆ. ಕಳಿಸಿದ್ದು ಕ್ಷಣದಲ್ಲಿ ಮುಟ್ಟುತ್ತದೆ, ಮುಟ್ಟಿತೆಂದು ಗುರುತು ಬೀಳುತ್ತದೆ, ಓದಿದರೆ ಇನ್ನೊಂದು ಗುರುತು. ಒಳ್ಳೆಯದೇ. ಆದರೂ ಯಾರದಾದರೂ ಉತ್ತರ ಬಾರದೆ ನನ್ನೊಳಗೆ ಸಿಟ್ಟು ಏಳತೊಡಗಿದರೆ ಆ ಗುರುತುಗಳನ್ನು ನಾನು ನಂಬುವುದಿಲ್ಲ. ಎಲ್ಲೋ ಸಿಕ್ಕಿಕೊಂಡಿರಬೇಕು ಎಂದುಕೊಂಡು ಹೋಗಿ ಕೇಳಿಬಿಡುತ್ತೇನೆ, ಸಣ್ಣವನಾದರೆ ಆಗಲಿ. ಕೋಣೆಯ ಕೀಲಿಯನ್ನು ಯಾರೂ ವಾಪಸು ಕೇಳಲಿಲ್ಲ, ಅದು ಉಡದಾರದಲ್ಲೇ ಇದೆ. ಮೊನ್ನೆ ಖಾದರ ಸಂದೇಶ ಹಾಕಿದ್ದ: "ಈ ವರ್ಷನೂ ತಡಾ ಮಾಡಿ ಕರೀಲೇ. ಚರಗ ಎರಡ ಸಲ ಆಗ್ತದ." ಓದಿದ ಗುರುತು ಅವನಿಗೆ ಮುಟ್ಟುವ ಮೊದಲೇ ನಾನು ಫೋನು ಹಚ್ಚಿದ್ದೆ.