ನಾಳೆ ಸುರಿದ ಮಳೆ

ಎಪ್ಪತ್ತರ ದಶಕದ ಕೊನೆಗೆ ನಾನು ಕುಳಗಿಯ ಹತ್ತಿರ ಫಾರೆಸ್ಟ್ ಗಾರ್ಡ್ ಆಗಿದ್ದೆ. ದಿನವೂ ಎಲ್ಲಿ ತಿರುಗಿದೆ, ಏನು ಕಂಡೆ ಅಂತ ಡೈರಿ ಬರೆಯಬೇಕು. ಅದೂ ನಮ್ಮ ರೇಂಜರ್ ಸಾಹೇಬರ ಹಟಕ್ಕೆ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷಿನಲ್ಲಿ ಬೆಳಿಗ್ಗೆ 'ಹೋದೆ' ಅಂತ ಹೊರಟವನು ಮಧ್ಯಾಹ್ನಕ್ಕೆ 'ಹೋಗುತ್ತೇನೆ' ಅಂದು, ಸಂಜೆ 'ಹೋಗುವೆನು' ಅನ್ನುತ್ತ ಮನೆಗೆ ಬರುತ್ತಿದ್ದ. ಸಾಹೇಬರ ಕೆಂಪು ಪೆನ್ಸಿಲ್ ಸವೆದದ್ದೇ ನನ್ನ ಪುಟಗಳ ಮೇಲೆ.

"ಆಗಿ ಹೋದದ್ದನ್ನ ಆಗಿ ಹೋದಂಗ ಬರೀರಿ, ಸಾಕು" ಅಂದರು ಒಮ್ಮೆ.

ಅವಸರದಲ್ಲಿ ಬರೆಯುವುದರಿಂದಲೇ ತಪ್ಪಾಗುತ್ತದೆ ಅನ್ನಿಸಿತು. ಒಂದು ಭಾನುವಾರ ನಿವಾಂತವಾಗಿ ಕೂತು, ಮುಂದಿನ ಇಡೀ ವಾರದ ಡೈರಿಯನ್ನು ಭೂತಕಾಲದಲ್ಲೇ ಬರೆದು ಮುಗಿಸಿದೆ. ಬರೆದರೆ ಕಾಲೇನೂ ನೋಯುವುದಿಲ್ಲವಲ್ಲ. ಶುಕ್ರವಾರದ ಪುಟದಲ್ಲಿ ಹನ್ನೆರಡು ಮೈಲಿ ನಡೆದೆ, ಜೋರು ಮಳೆಯನ್ನೂ ಸುರಿಸಿದೆ.

ಗುರುವಾರ ಸಾಹೇಬರ ಜೀಪು ಬಂತು. ಡೈರಿ ತಿರುವುತ್ತ ಹೋದರು. ಪೆನ್ಸಿಲ್ ಒಮ್ಮೆಯೂ ಕೆಳಗಿಳಿಯಲಿಲ್ಲ. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅವರ ಕೈ ಒಂದು ಪುಟದ ಮೇಲೆ ನಿಂತಿತು.

"ನಾಳಿ ಮಳಿ ಭಾಳ ಜೋರ ಆತೇನ್ರಿ?"

ನಾನು ನನ್ನ ಬೂಟು ನೋಡಿಕೊಂಡೆ. ಅವರು ಸಿಟ್ಟಿಗೇಳಲಿಲ್ಲ. "ಒಂದೂ ತಪ್ಪಿಲ್ಲ, ಹೊಡದ ಹಾಕಾಕ ಮನಸ ಬರೂದಿಲ್ಲ. ಮುಂಜಾನೆ ತಯಾರಿರ್ರಿ, ನಾನೂ ಬರ್ತೇನಿ" ಅಂದರು.

ಹನ್ನೆರಡು ಮೈಲಿಯನ್ನೂ ಬಿಡದೆ ನಡೆಸಿದರು. ಚೂರು ಮೋಡವೂ ಇಲ್ಲದ ಆಕಾಶವನ್ನು ನಾನು ದಾರಿಯುದ್ದಕ್ಕೂ ಮಳೆಗಾಗಿ ಬೇಡಿಕೊಂಡೆ. ಸಂಜೆ ಸಾಹೇಬರು ಡೈರಿಯಲ್ಲಿ ಮಳೆಯೊಂದನ್ನೇ ಹೊಡೆದುಹಾಕಿ, ಸಹಿ ಮಾಡಿದರು.