ಕಾಫಿಯಲ್ಲಿ ತೊಳೆದ ಫಿಲ್ಮು

ನಾನು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವನು. ದೆವ್ವ, ಶಕುನ, ಕೈಗುಣ ಯಾವುದನ್ನೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರುಮಾಡಿದರೆ ನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವು ಬಾಯಿ ಹಾಕಿದರೂ ನನಗೆ ಬೇಸರವಿಲ್ಲ.

ನಿವೃತ್ತಿಯಾದ ಮೇಲೆ ನನಗೆ ಹಿಡಿದದ್ದು ಕಪ್ಪು-ಬಿಳುಪು ಫಿಲ್ಮಿನ ಹುಚ್ಚು. ಫೋಟೋ ತೆಗೆಯುವುದು ಸುಲಭ, ಫಿಲ್ಮು ತೊಳೆಯುವುದು ಕಷ್ಟ. ಅದರಲ್ಲಿ ಅಡಗಿರುವ ಚಿತ್ರವನ್ನು ಹೊರಗೆ ತರುವ ದ್ರಾವಣಕ್ಕೆ ಡೆವಲಪರ್ ಎನ್ನುತ್ತಾರೆ. ಚಿಕ್ಕಬಳ್ಳಾಪುರದಲ್ಲಿ ಈ ಮಾತನ್ನು ಜೋರಾಗಿ ಆಡುವ ಹಾಗಿಲ್ಲ. ಯಾವ ಡೆವಲಪರ್ ಒಳ್ಳೆಯದು ಎಂದು ಗೆಳೆಯನನ್ನು ಫೋನಿನಲ್ಲಿ ಕೇಳಿದ್ದು ಪಕ್ಕದ ಮನೆಯವರ ಕಿವಿಗೆ ಬಿತ್ತು. ಸಂಜೆಯೊಳಗೆ, ಮೇಷ್ಟ್ರು ನಂದಿ ರಸ್ತೆಯಲ್ಲಿ ಸೈಟು ತೆಗೆಯುತ್ತಿದ್ದಾರೆ ಎಂದು ಬೀದಿಯೆಲ್ಲ ಸುದ್ದಿ.

ಮೂರು ವರ್ಷದ ಹಿಂದೆ ಶಿಡ್ಲಘಟ್ಟದಿಂದ ಅಮೀರ್ ಜಾನ್ ಬಂದರು. ರೇಷ್ಮೆ ನೂಲು ತೆಗೆಸುವವರು, ನನ್ನ ಹಳೆಯ ಶಿಷ್ಯನ ತಂದೆ. ಸುಣ್ಣ ಹೊಡೆಸುವಾಗ ಅವರಿಗೆ ಅಟ್ಟದ ಮೇಲೆ ತಮ್ಮ ತಂದೆಯ ಕ್ಯಾಮೆರಾ ಸಿಕ್ಕಿತ್ತು, ಅದರೊಳಗೆ ತೊಳೆಯದ ಒಂದು ರೋಲ್. ಫೋಟೋ ತೆಗೆಸಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಅವರ ತಾಯಿ ಕ್ಯಾಮೆರಾ ಕಂಡರೆ ಒಳಗೆ ಹೋಗಿಬಿಡುತ್ತಿದ್ದರಂತೆ. ಆದರೂ ಒಮ್ಮೆ ಕದ್ದು ತೆಗೆದಿದ್ದೇನೆ ಎಂದು ತಂದೆ ಹೇಳುತ್ತಿದ್ದರಂತೆ. ತಾಯಿ ತೀರಿಕೊಂಡು ಮೂವತ್ತು ವರ್ಷದ ಮೇಲಾಗಿತ್ತು. ಮನೆಯಲ್ಲಿ ಅವರ ಒಂದು ಚಿತ್ರವೂ ಇರಲಿಲ್ಲ.

"ಮುಖ ಮರ್ತೋಗ್ತಾ ಐತೆ ಮೇಷ್ಟ್ರೇ," ಎಂದರು. "ಒಂದ್ಸಲ ನೋಡಿದ್ರೆ ಸಾಕು."

ಇರುವುದು ಒಂದೇ ರೋಲು, ತೊಳೆಯುವುದು ಒಂದೇ ಸಲ. ಕೆಟ್ಟರೆ ತಾಯಿ ಎರಡನೇ ಸಲ ಹೋದ ಹಾಗೆ. ಒಂದು ವಾರ ನನಗೆ ನಿದ್ದೆ ಇಲ್ಲ. ಅಂಗಡಿಯ ಡೆವಲಪರ್ ಹಾಕಿದರೆ ಇಷ್ಟು ಹಳೆಯ ಫಿಲ್ಮು ಪೂರ್ತಿ ಮಸುಕಾಗಬಹುದು ಎಂಬ ಭಯ. ಕೊನೆಗೆ ಕಾಫಿ ಡೆವಲಪರ್ ಎಂದು ನಿರ್ಧರಿಸಿದೆ. ಇದು ತಮಾಷೆಯಲ್ಲ. ಇನ್‌ಸ್ಟಂಟ್ ಕಾಫಿ ಪುಡಿ, ಬಟ್ಟೆ ಒಗೆಯುವ ಸೋಡಾ ಮತ್ತು ವಿಟಮಿನ್ ಸಿ ಸೇರಿಸಿದರೆ ಫಿಲ್ಮಿನ ಚಿತ್ರ ಚೆನ್ನಾಗಿ ಮೂಡುತ್ತದೆ, ನಾನೇ ಹತ್ತಾರು ಸಲ ಮಾಡಿದ್ದೇನೆ.

ಭಾನುವಾರ ಬೆಳಿಗ್ಗೆ ಅಮೀರ್ ಜಾನ್ ಬಂದು ನಡುಮನೆಯಲ್ಲಿ ಕುಳಿತರು. ನಾನು ಅಡುಗೆಮನೆಯ ಕಾಫಿ ಬಾಟಲಿ ಎತ್ತಿಕೊಂಡು ಬಚ್ಚಲುಮನೆ ಸೇರಿದೆ. ಪುಡಿ ಗಂಟುಗಂಟಾಗಿತ್ತು, ಹಳೆಯದಿರಬೇಕೆಂದು ಬಟ್ಟೆಯಲ್ಲಿ ಸೋಸಿದೆ. ಈ ದ್ರಾವಣ ಸಾಮಾನ್ಯವಾಗಿ ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತದೆ. ಅವತ್ತು ನಾರಲೇ ಇಲ್ಲ. ಕೈ ಪಳಗಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಕತ್ತಲಲ್ಲಿ ಫಿಲ್ಮನ್ನು ಡಬ್ಬಿಗೆ ಸುತ್ತಿಟ್ಟು ದ್ರಾವಣ ತುಂಬಿದೆ. ಹೊತ್ತಾದ ಮೇಲೆ ಅದನ್ನು ಚೆಲ್ಲಿ, ಚಿತ್ರ ನಿಲ್ಲಲು ಫಿಕ್ಸರ್ ಹೊಯ್ದು, ನೀರಿನಲ್ಲಿ ತೊಳೆದು ಬಿಚ್ಚಿದೆ. ರೋಲೆಲ್ಲ ಖಾಲಿ, ಒಂದೇ ಒಂದು ಚಿತ್ರ ಬಿಟ್ಟು. ಅದರಲ್ಲಿ ಬಾಗಿಲ ಬಳಿ ತಿರುಗಿ ನೋಡುತ್ತಿರುವ ಹೆಂಗಸು. ಅಮೀರ್ ಜಾನ್ ಒದ್ದೆ ಫಿಲ್ಮನ್ನು ಕಿಟಕಿಗೆ ಹಿಡಿದು, "ಅಮ್ಮಿ," ಎಂದರು. ನೆಗೆಟಿವ್‌ನಲ್ಲಿ ಕಪ್ಪು ಕೂದಲು ಬೆಳ್ಳಗೆ ಕಾಣುತ್ತದಲ್ಲ, ಅವರ ಕಣ್ಣಿಗೆ ಕೊನೆಗಾಲದ ತಾಯಿಯೇ ಅಲ್ಲಿದ್ದರು. ನಾನು ಪ್ರಿಂಟು ಹಾಕಿಕೊಡುತ್ತೇನೆಂದರೂ ಬೇಡವೆಂದು, ಫಿಲ್ಮು ಒಣಗುವ ತನಕ ಕಾದಿದ್ದು ಅದನ್ನೇ ಒಯ್ದರು. ನನಗೂ ಕಣ್ಣು ತುಂಬಿತ್ತು.

ಮಾರನೆಯ ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದ ಕೂಗಿದಳು. "ರೀ, ರಾಗಿ ಹುರಿಹಿಟ್ಟಿನ ಬಾಟ್ಲಿ ಖಾಲಿ ಮಾಡಿದ್ಯಾರು?"

ಅವಳು ಕಾಫಿ ಬಾಟಲಿಯನ್ನೇ ಎತ್ತಿ ತೋರಿಸಿದಳು. ನಮ್ಮ ಮನೆಗಳಲ್ಲಿ ಬಾಟಲಿಯ ಹೆಸರಿಗೂ ಒಳಗಿನ ಪದಾರ್ಥಕ್ಕೂ ಸಂಬಂಧವಿರುವುದಿಲ್ಲ ಎನ್ನುವುದನ್ನು ನಾನು ಮರೆತಿದ್ದೆ. ಕಾಫಿ ಮುಗಿದು ತಿಂಗಳಾಗಿತ್ತಂತೆ.

ವಿಟಮಿನ್ ಸಿ, ಸೋಡಾ ಎರಡೇ ಸೇರಿಯೂ ಸ್ವಲ್ಪ ಕೆಲಸ ಮಾಡಬಹುದು ಎಂದ ಗೆಳೆಯ. ಅದೇ ಅಳತೆಯಲ್ಲಿ, ಅಂಥದೇ ಹುರಿಹಿಟ್ಟು ಕಲಸಿ, ನಾನೇ ಫೋಟೋ ತೆಗೆದಿದ್ದ ನಾಲ್ಕು ರೋಲು ತೊಳೆದೆ. ನಾಲ್ಕೂ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ ಬಂದವು. ನಾಲ್ಕನೆಯದನ್ನು ನೋಡಿ ಹೆಂಡತಿ, ಇನ್ನು ಮುದ್ದೆಗೂ ಹಿಟ್ಟು ಉಳಿಸುವುದಿಲ್ಲವೇನೋ ಎಂದಳು.

ಮೋಸ ಮಾಡಿದ ಹಾಗೆನ್ನಿಸಿ ಶಿಡ್ಲಘಟ್ಟಕ್ಕೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅಮೀರ್ ಜಾನ್‌ಗೆ ಆಶ್ಚರ್ಯವೇ ಆಗಲಿಲ್ಲ.

"ಅಮ್ಮಿ ಕಾಫಿ ಮುಟ್ತಾನೇ ಇರ್ಲಿಲ್ಲ ಮೇಷ್ಟ್ರೇ. ದಿನಾ ರಾಗಿ ಗಂಜಿನೇ. ನೀವು ಕಾಫಿ ಹಾಕಿದ್ರೆ ಬರ್ತಾನೂ ಇರ್ಲಿಲ್ಲ."

ನನ್ನ ಬಳಿ ಇರುವ ಯಾವ ಪುಸ್ತಕದಲ್ಲೂ ಈ ಕಾರಣವಿಲ್ಲ. ಮೂರು ವರ್ಷದಿಂದ ಹುಡುಕುತ್ತಿದ್ದೇನೆ, ಇದಕ್ಕಿಂತ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ.