ಜಯಲತಾಳ ಊರು

ಮಹಾರಾಷ್ಟ್ರದ ಘಣಸೋಲಿಯಲ್ಲಿ ಮೂವತ್ತು ವರ್ಷದಿಂದ ಹೋಟೆಲ್ ನಡೆಸಿದರೂ ತಾರಾನಾಥನ ವೋಟು ಮಾತ್ರ ಕಾರ್ಕಳದಲ್ಲೇ. ಕರ್ನಾಟಕದಲ್ಲಿ ಚುನಾವಣೆ ಬಂತೆಂದರೆ ಗಲ್ಲಾಪೆಟ್ಟಿಗೆಯನ್ನು ಹೆಂಡತಿಗೆ ಒಪ್ಪಿಸಿ ಬಸ್ಸು ಹತ್ತುವ ಆಸಾಮಿ. ಆ ಹೆಂಡತಿ ಜಯಲತಾ ಈ ಸಲ ಅವನಿಗೆ ಹೇಳದೆ ಮತದಾರರ ಪಟ್ಟಿಯಲ್ಲಿದ್ದ ತನ್ನ ಹೆಸರನ್ನು ಕಾರ್ಕಳದಿಂದ ಇಲ್ಲಿಗೆ ವರ್ಗಾಯಿಸಿಕೊಂಡಳು. ಮಹಾರಾಷ್ಟ್ರದ ವಿಧಾನಸಭೆಗೆ ಮತ ಹಾಕಿ ಬಂದು, ಶಾಯಿಯ ಬೆರಳನ್ನು ಅವನ ಮೂಗಿನೆದುರು ಹಿಡಿದಳು.

"ಇನ್ನು ನನ್ನ ಊರು ಇದೇ ಮಾರಾಯ್ರೆ."

ತಾರಾನಾಥ ಮಾತು ಬಿಟ್ಟ. ಆ ಮುನಿಸು ಇಳಿಯುವ ಮೊದಲೇ ಅವಳು ಎದೆನೋವಿನಿಂದ ತೀರಿಕೊಂಡಳು.

ಶವಕ್ಕೆ ಸ್ನಾನ ಮಾಡಿಸಿದರೂ ಉಗುರಿನ ಶಾಯಿ ಹೋಗಿರಲಿಲ್ಲ.

"ಪಪ್ಪಾ, ಕಾರ್ಕಳ ಕೇ ಲಿಯೇ ಗಾಡಿ ಬುಲಾವೂಂ?" ಶವವನ್ನು ಊರಿಗೆ ಒಯ್ಯಲು ಗಾಡಿ ಕರೆಸಲೇ ಎಂದು ಮಗ ಸಮಿತ್ ಕೇಳಿದ.

ತಾರಾನಾಥ ಆ ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡ.

"ಬೇಡ ಮಗಾ. ಅವಳ ಊರು ಇದೇ ಅಲ್ವಾ."